ಹಮಾಮಿನ ನೆಲದಡಿಯನ್ನು ಮೊದಲು ನೋಡಿ: ಪುರಾತತ್ವ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಬೀದರ್ ಕೋಟೆಯ ಶಾಹಿ ಹಮಾಮು ಸೇರಿದಂತೆ ನಾಡಿನ ಹಳೆಯ ಸ್ನಾನಗೃಹಗಳ ಹೊಣೆ ಹೊತ್ತ ಪುರಾತತ್ವ ಅಧಿಕಾರಿಗಳು,
ಹಾಗೂ ಅವುಗಳ ದುರಸ್ತಿಗೆ ಅಂದಾಜುಪಟ್ಟಿ ಬರೆಯುವ ಎಂಜಿನಿಯರರು

ವಿಷಯ: ಹಮಾಮುಗಳ ಜೀರ್ಣೋದ್ಧಾರದಲ್ಲಿ ಅನುಸರಿಸಬೇಕಾದ ಕ್ರಮ, ಇಸ್ತಾಂಬುಲ್‌ನ ಅನುಭವದ ಬೆಳಕಿನಲ್ಲಿ

ಮಾನ್ಯರೇ,

ಹಳೆಯ ಸ್ನಾನಗೃಹದ ದುರಸ್ತಿಗೆಂದು ನಮ್ಮ ದೇಶದಲ್ಲಿ ತಯಾರಾಗುವ ಅಂದಾಜುಪಟ್ಟಿಗಳು ಬಹುಪಾಲು ಒಂದೇ ಅಚ್ಚಿನವು. ಉದುರಿದ ಗಾರೆ ಕೆರೆದು ಹೊಸದು ಬಳಿಯಲು ಇಷ್ಟು ಚದರ ಮೀಟರ್, ನೆಲಕ್ಕೆ ಕಲ್ಲು ಹಾಸಲು ಇಷ್ಟು, ಗುಮ್ಮಟ ಸೋರದಂತೆ ಲೇಪಕ್ಕೆ ಇಷ್ಟು, ಕೊನೆಗೆ ದೀಪ ಮತ್ತು ಫಲಕ. ಬೆಂಕಿ ಎಲ್ಲಿ ಉರಿಯುತ್ತಿತ್ತು, ಹೊಗೆ ಯಾವ ದಾರಿ ಹಿಡಿಯುತ್ತಿತ್ತು, ಮಿಂದ ನೀರು ಎತ್ತ ಇಳಿಯುತ್ತಿತ್ತು ಎಂಬುದಕ್ಕೆ ಆ ಪಟ್ಟಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಹಮಾಮನ್ನು ನಾಲ್ಕು ಗೋಡೆ, ಒಂದು ಗುಮ್ಮಟ ಎಂದು ಲೆಕ್ಕ ಹಾಕಿದರೆ ಮಾಡಿದ ದುರಸ್ತಿಯೇ ಕಟ್ಟಡವನ್ನು ಕೆಡಿಸುತ್ತದೆ. ನಮ್ಮ ದೂರು ಇಷ್ಟೇ. ಅದಕ್ಕೆ ಆಧಾರಗಳನ್ನು ಮುಂದೆ ಇಡುತ್ತಿದ್ದೇವೆ.

ಇಸ್ತಾಂಬುಲ್‌ನ ಮಾತೆತ್ತಲು ಕಾರಣವಿದೆ. ಆ ಊರಿನಲ್ಲಿ ಒಟ್ಟೊಮನ್ ಕಾಲದ ಹಮಾಮುಗಳು ಒಳ್ಳೆಯ ರೀತಿಯಲ್ಲೂ ಕೆಟ್ಟ ರೀತಿಯಲ್ಲೂ ದುರಸ್ತಿಯಾಗಿವೆ. ಎರಡರ ಫಲವೂ ಕಣ್ಣೆದುರಿಗಿದೆ. ದಖ್ಖನಿಗೂ ಆ ಸೀಮೆಗೂ ಇದ್ದ ಹೋಕುಬಳಕೆ ಕಟ್ಟುಕತೆಯೇನಲ್ಲ. ಬೀದರಿನ ಬಹಮನಿ ವಜೀರ ಮಹಮೂದ್ ಗಾವಾನ್ ಒಟ್ಟೊಮನ್ ಸುಲ್ತಾನ ಎರಡನೇ ಮೆಹ್ಮೆದ್‌ನೊಂದಿಗೆ ಪತ್ರವ್ಯವಹಾರ ನಡೆಸಿದ್ದ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ, ರೂಮ್ ಅಂದರೆ ತುರ್ಕರ ಸೀಮೆಯವನು. ತೋಪಿನ ವಿದ್ಯೆ ಬಂದ ಕಾಲದಲ್ಲಿ ಮೀಯುವ ಮನೆಯ ವಿದ್ಯೆಯೂ ಇತ್ತ ಬಂದಿದ್ದರೆ ಅಚ್ಚರಿಯಿಲ್ಲ.

ತುರ್ಕಿ ಹಮಾಮಿನಲ್ಲಿ ಮೂರು ಹಂತದ ಕೋಣೆಗಳು. ಮೊದಲನೆಯದು ಬಟ್ಟೆ ಬದಲಿಸುವ ದೊಡ್ಡ ಹಜಾರ. ನಡುವೆ ಕಾರಂಜಿ, ಸುತ್ತ ಮರದ ಜಗಲಿ. ಎರಡನೆಯದು ಮೈ ಬಿಸಿಗೆ ಹೊಂದಿಕೊಳ್ಳಲೆಂದು ಇರುವ ಬೆಚ್ಚನೆಯ ಕೋಣೆ. ಮೂರನೆಯದು ಬಿಸಿಕೋಣೆ. ಅದರ ನಡುವೆ ಗೊಬೆಕ್ ತಾಶಿ ಎಂಬ ಅಮೃತಶಿಲೆಯ ಕಟ್ಟೆ, ಗೋಡೆಗುಂಟ ಕುರ್ನಾ ಎಂಬ ಕಲ್ಲುಬಾನಿಗಳು, ಮೂಲೆಗಳಲ್ಲಿ ಒಬ್ಬಿಬ್ಬರು ಮೀಯುವ ಚಿಕ್ಕ ಕೋಣೆಗಳು. ಪ್ರವಾಸಿಗರ ಕಣ್ಣಿಗೆ ಬೀಳುವುದು ಇಷ್ಟು.

ಕಟ್ಟಡವನ್ನು ನಡೆಸುವ ಭಾಗ ಹಿಂಬದಿಯಲ್ಲಿದೆ. ಬಿಸಿಕೋಣೆಯ ಹಿಂದಿನ ಗೋಡೆಗೆ ಅಂಟಿಕೊಂಡು ನೀರಿನ ತೊಟ್ಟಿ, ತೊಟ್ಟಿಯ ತಳದಲ್ಲಿ ಕೂರಿಸಿದ ತಾಮ್ರದ ಹಂಡೆ, ಹಂಡೆಯ ಕೆಳಗೆ ಕ್ಯುಲ್ಹಾನ್ ಎಂಬ ಒಲೆ. ಇಲ್ಲಿಯವರೆಗೆ ಇದು ನಮ್ಮ ಮಲೆನಾಡಿನ ಬಚ್ಚಲುಮನೆಯ ಹಂಡೆಯೊಲೆಯ ಥರವೇ. ಆದರೆ ನಮ್ಮ ಹಂಡೆಯೊಲೆಯ ಹೊಗೆ ನೇರ ಹೊರಗೆ ಹೋಗುತ್ತದೆ, ಹಮಾಮಿನಲ್ಲಿ ಆ ಹೊಗೆಗೂ ಕೆಲಸವಿದೆ. ಒಲೆಯ ಜ್ವಾಲೆ ಮತ್ತು ಬಿಸಿಗಾಳಿ ಬಿಸಿಕೋಣೆಯ ನೆಲದಡಿಯ ಪೊಳ್ಳಿಗೆ ನುಗ್ಗುತ್ತದೆ. ಆ ಪೊಳ್ಳಿನ ಹೆಸರು ಜೆಹೆನ್ನೆಮ್ಲಿಕ್. ಇಟ್ಟಿಗೆ ಅಥವಾ ಕಲ್ಲಿನ ಮೋಟು ಕಂಬಗಳ ಸಾಲು, ಕಂಬಗಳ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯ ದಪ್ಪ ಹಾಸು, ಅದರ ಮೇಲೆ ಅಮೃತಶಿಲೆ. ಕಂಬಗಳ ನಡುವೆ ಸುತ್ತಾಡಿದ ಬಿಸಿಗಾಳಿ ಗೋಡೆಯೊಳಗೆ ನಿಲ್ಲಿಸಿದ ಮಣ್ಣಿನ ಕೊಳವೆಗಳ ಮೂಲಕ ಮೇಲೇರಿ ಗುಮ್ಮಟದ ಬುಡದಾಚೆ ಹೊರಬೀಳುತ್ತದೆ. ತ್ಯುತೆಕ್ಲಿಕ್ ಎಂಬ ಈ ಕೊಳವೆಗಳೇ ಗೋಡೆಯನ್ನು ಬೆಚ್ಚಗಿಡುತ್ತವೆ. ಒಂದೇ ಬೆಂಕಿಯಿಂದ ನೀರೂ ನೆಲವೂ ಗೋಡೆಯೂ ಕಾಯುತ್ತವೆ. ಬೇರೆ ಶಾಖೋಪಕರಣ ಬೇಕಿಲ್ಲ.

ಇದರಲ್ಲಿ ಎಲ್ಲಿಯಾದರೂ ಒಂದು ಕಡೆ ದಾರಿ ಮುಚ್ಚಿದರೆ ಇಡೀ ಕಟ್ಟಡ ಬಳಲುತ್ತದೆ. ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ಗಾಳಿಯ ಸೆಳೆತ ಕುಗ್ಗುತ್ತದೆ, ಹೊಗೆ ಒಲೆಯ ಬಾಯಿಗೇ ಹಿಂತಿರುಗುತ್ತದೆ, ಒಂದು ಗೋಡೆ ಬಿಸಿಯಾಗಿ ಇನ್ನೊಂದು ತಣ್ಣಗೆ ಉಳಿಯುತ್ತದೆ. ತಣ್ಣಗಿನ ಗೋಡೆಗೆ ಹಬೆ ಅಂಟಿ ನೀರಾಗುತ್ತದೆ, ಗಾರೆ ಅಲ್ಲಿಂದಲೇ ಉದುರಲು ಶುರು. ಅಂಥ ಕಡೆ ಗಾರೆ ಉದುರಿದೆ ಎಂದು ಪಟ್ಟಿಯಲ್ಲಿ ಬರೆಯುವವರು ಗೋಡೆಯೊಳಗೆ ಕೊಳವೆ ಇದೆಯೇ ಎಂದು ನೋಡುವುದೇ ಇಲ್ಲ. ಹೊಸ ಗಾರೆಯನ್ನು ಹೊಡೆದು ಕೊಳವೆಯ ಬಾಯನ್ನೂ ಮುಚ್ಚಿ ಹೋಗುತ್ತಾರೆ.

ಇಸ್ತಾಂಬುಲ್‌ನಲ್ಲಿ ಹೊಸ ದೊಡ್ಡ ಹಮಾಮುಗಳ ಕಾಲ ಮುಗಿದದ್ದು ಕೂಡ ಬೆಂಕಿ ಮತ್ತು ನೀರಿನ ಕಾರಣಕ್ಕೇ. 1741ರಲ್ಲಿ ಸುಲ್ತಾನ ಒಂದನೇ ಮಹಮೂದ್ ಆಯಾಸೋಫ್ಯಾದ (ಹಾಗಿಯಾ ಸೋಫಿಯಾ ಮಸೀದಿಯ) ತನ್ನ ಗ್ರಂಥಾಲಯಕ್ಕೆ ಆದಾಯ ಬರಲೆಂದು ಜಾಲೋಲು ಹಮಾಮನ್ನು ಕಟ್ಟಿಸಿದ. ಸೌದೆ ಮತ್ತು ನೀರಿನ ಕೊರತೆಯಿಂದಾಗಿ 1768ರಲ್ಲಿ ಮೂರನೇ ಮುಸ್ತಫಾ ನಗರದಲ್ಲಿ ಹೊಸ ದೊಡ್ಡ ಹಮಾಮು ಕಟ್ಟುವುದನ್ನೇ ನಿಷೇಧಿಸಿದ. ಮನೆಮನೆಗೆ ನಲ್ಲಿ ಬಂದ ಮೇಲೆ ಇದ್ದವೂ ಒಂದೊಂದಾಗಿ ಮುಚ್ಚಿದವು. ರಾಜಮಾತೆ ನೂರ್‌ಬಾನು ಸುಲ್ತಾನ್ ಕಟ್ಟಿಸಿದ, 1584ರಲ್ಲಿ ಮುಗಿದ ಚೆಂಬರ್ಲಿತಾಶ್ ಹಮಾಮಿನ ಹೆಂಗಸರ ಹಜಾರದ ಒಂದು ಭಾಗವನ್ನು 19ನೇ ಶತಮಾನದಲ್ಲಿ ರಸ್ತೆ ಅಗಲಿಸಲು ಕಡಿದುಹಾಕಿದರು. ತಹ್ತಾಕಾಲೆಯ 15ನೇ ಶತಮಾನದ ಹಮಾಮು ಬಹುಕಾಲ ಚೀಸ್ ಇಡುವ ಗೋದಾಮಾಗಿತ್ತು, ಈಗ ಅಂಗಡಿಗಳ ಸಾಲು. ಒಟ್ಟೊಮನ್ ವಾಸ್ತುಶಿಲ್ಪಿ ಮಿಮಾರ್ ಸಿನಾನ್ 1556–57ರಲ್ಲಿ ಆಯಾಸೋಫ್ಯಾದ ಎದುರಿಗೆ ಕಟ್ಟಿದ ಹುರ್ರೆಮ್ ಸುಲ್ತಾನ್ ಹಮಾಮಿನ ಪಾಡು ಇನ್ನೂ ವಿಚಿತ್ರ. ಗಂಡಸರ ಭಾಗ, ಹೆಂಗಸರ ಭಾಗ ಎರಡೂ ಒಂದೇ ಸಾಲಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತ, ಸುಮಾರು 75 ಮೀಟರ್ ಉದ್ದದ ಈ ಕಟ್ಟಡ 1910ರ ಹೊತ್ತಿಗೆ ನಿಂತುಹೋಯಿತು. ಮುಂದೆ ಕಾಗದ, ಇಂಧನ ತುಂಬಿಡುವ ಉಗ್ರಾಣವಾಯಿತು. 1950ರ ದಶಕದ ಕೊನೆಯಲ್ಲಿ ದುರಸ್ತಿಯಾಗಿ, ನಂತರ 2007ರವರೆಗೂ ರತ್ನಗಂಬಳಿ ಮಾರುವ ಮಳಿಗೆಯಾಗಿ ನಡೆಯಿತು. 2008ರಿಂದ ಮತ್ತೆ ಕೆಲಸ ಹಿಡಿದು 2011ರಲ್ಲಿ ಹಮಾಮಾಗಿಯೇ ತೆರೆದರು. ಗಂಬಳಿ ಮಳಿಗೆಗೆ ಒಣ ಗೋಡೆ ಬೇಕು, ಹಮಾಮಿಗೆ ಹಬೆ ಬೇಕು. ಒಂದೇ ಕಟ್ಟಡವನ್ನು ಇವೆರಡಕ್ಕೂ ಒಂದಾದ ಮೇಲೊಂದರಂತೆ ಸಜ್ಜುಗೊಳಿಸಿದಾಗ ಗೋಡೆ ಎಷ್ಟು ಸಲ ಕೆರೆತ ತಿನ್ನಬೇಕಾಗುತ್ತದೆ, ಯೋಚಿಸಿ.

ತೋಪ್‌ಹಾನೆಯ ಕಿಲಿಚ್ ಅಲಿ ಪಾಶಾ ಹಮಾಮು ಇದಕ್ಕಿಂತ ಉತ್ತಮ ಮಾದರಿ. ಒಟ್ಟೊಮನ್ ನೌಕಾಪಡೆಯ ದಂಡನಾಯಕನಿಗಾಗಿ ಸಿನಾನ್ 1578ರಿಂದ 1583ರ ನಡುವೆ ಕಟ್ಟಿದ್ದು. ಹಜಾರದ ಗುಮ್ಮಟ 14 ಮೀಟರ್ ಅಗಲ, 17 ಮೀಟರ್ ಎತ್ತರ. ವಾಸ್ತುಶಿಲ್ಪಿ ಜಾಫೆರ್ ಬೊಝ್‌ಕುರ್ಟ್ ಅವರ ಕೈಯಲ್ಲಿ ನಡೆದ ಜೀರ್ಣೋದ್ಧಾರ ಏಳು ವರ್ಷ ಹಿಡಿದು 2012ರಲ್ಲಿ ಮುಗಿಯಿತು. ಕಟ್ಟಲು ಬೇಕಾದದ್ದು ಐದು ವರ್ಷ, ಸರಿಪಡಿಸಲು ಏಳು! ಝೆಯ್ರೆಕ್‌ನ ಚಿನಿಲಿ ಹಮಾಮಿಗೆ ಹದಿಮೂರು ವರ್ಷ ಬೇಕಾಯಿತು. ಒಟ್ಟೊಮನ್ ನೌಕಾಪತಿ ಹೈರೆದ್ದೀನ್ ಬಾರ್ಬರೋಸಾನಿಗಾಗಿ ಸಿನಾನ್ ಕಟ್ಟಿದ ಅದರ ಗೋಡೆಗಳಲ್ಲಿ ಒಂದು ಕಾಲಕ್ಕೆ ಇಝ್ನಿಕ್‌ನ ನೀಲಿ ಬಿಲ್ಲೆಗಳಿದ್ದವು. 19ನೇ ಶತಮಾನದಲ್ಲಿ ಅವು ಮಾರಾಟವಾಗಿ ಯೂರೋಪಿನ ಸಂಗ್ರಹಾಲಯಗಳನ್ನು ಸೇರಿದವು, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ ಈಗಲೂ ಇವೆ. 2010ರ ನಂತರ ಅಗೆದು ಶೋಧಿಸಿದಾಗ ಬಿಲ್ಲೆಯ ಸಾವಿರಾರು ಚೂರುಗಳು ಸಿಕ್ಕವು, ಕಟ್ಟಡದಡಿ ಬೈಝಾಂಟಿನ್ ಕಾಲದ ನೀರಿನ ತೊಟ್ಟಿಯೂ ಸಿಕ್ಕಿತು. ನೆಲ ಬಗೆಯದೆ ಮೇಲಷ್ಟೇ ಬಳಿದಿದ್ದರೆ ಇದಾವುದೂ ಹೊರಗೆ ಬರುತ್ತಿರಲಿಲ್ಲ. ಈ ದುಬಾರಿ ಜೀರ್ಣೋದ್ಧಾರಗಳ ಬಗ್ಗೆ ತಕರಾರೂ ಇದೆ. ಅಲ್ಲಿ ಮೀಯಲು ಕೇಳುವ ಹಣ ಅದೇ ಬೀದಿಯ ಕೂಲಿಯವನ ಕೈಗೆ ಎಟುಕುವಂಥದ್ದಲ್ಲ. ಆ ತಕರಾರು ನ್ಯಾಯವಾದದ್ದೇ. ಆದರೂ ಕೆಲಸದ ಕ್ರಮವನ್ನು ಅವರಿಂದ ಕಲಿಯಬಹುದು.

ಇನ್ನು ಗಾರೆಯ ವಿಷಯ. ಹೆಚ್ಚು ಹಾನಿ ಆಗುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಒಟ್ಟೊಮನ್ ಗಾರೆಯವರು ಹೊರಾಸಾನ್ ಎಂದು ಕರೆಯುವುದೂ ನಮ್ಮ ಸುರ್ಕಿ ಗಾರೆಯೂ ಒಂದೇ ಕುಲದವು: ಸುಣ್ಣ, ಇಟ್ಟಿಗೆ ಪುಡಿ, ಇಟ್ಟಿಗೆ ನುಚ್ಚು. ಬರೀ ಸುಣ್ಣದ ಗಾರೆ ಗಾಳಿ ಕುಡಿದು ಗಟ್ಟಿಯಾಗುತ್ತದೆ. ಸದಾ ಒದ್ದೆಯಿರುವ ಕಡೆ ಅದು ಗಟ್ಟಿಯಾಗುವುದೇ ಇಲ್ಲ. ಇಟ್ಟಿಗೆ ಪುಡಿ ಸುಣ್ಣದೊಂದಿಗೆ ಕೂಡಿದರೆ ನೀರಿನಲ್ಲೂ ಬಿಗಿಯುತ್ತದೆ. ಆದರೆ ಎಲ್ಲ ಇಟ್ಟಿಗೆಯೂ ಈ ಕೆಲಸಕ್ಕೆ ಬಾರದು. ಸುಮಾರು 600ರಿಂದ 900 ಡಿಗ್ರಿ ಶಾಖದಲ್ಲಿ ಹದವಾಗಿ ಬೆಂದ ಮಣ್ಣು ಮಾತ್ರ ಸುಣ್ಣವನ್ನು ಹಿಡಿಯುತ್ತದೆ. ಅತಿಯಾಗಿ ಬೆಂದು ಕರ್ರಗಾದ ಇಟ್ಟಿಗೆಯ ಪುಡಿ ಬರೀ ಮರಳಿದ್ದಂತೆ. ಇಂದು ಟೆಂಡರ್ ಕೆಲಸಗಳಿಗೆ ಬರುವ ಸುರ್ಕಿ ಬಹುಪಾಲು ಗೂಡಿನ ಒಡಕು ಚೂರುಗಳನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡಿದ್ದು. ಹದವಾಗಿ ಬೆಂದದ್ದು, ಕಪ್ಪಿಟ್ಟದ್ದು ಎರಡೂ ಅದರಲ್ಲಿ ಬೆರೆತಿರುತ್ತದೆ. ಅದನ್ನು ಹಾಕಿ ಮಾಡಿದ ಗಾರೆ ಎರಡು ಮಳೆಗಾಲಕ್ಕೆ ಉದುರಿದರೆ ಸುಣ್ಣದ ಮೇಲೆ ತಪ್ಪು ಹೊರಿಸಿ, ‘ಸ್ವಲ್ಪ ಸಿಮೆಂಟ್ ಸೇರಿಸೋಣ’ ಎನ್ನುತ್ತಾರೆ.

ಆ ‘ಸ್ವಲ್ಪ’ ಸಾಕು. ಸಿಮೆಂಟ್ ಬೆರೆತ ಗಾರೆ ಗೋಡೆಯ ಇಟ್ಟಿಗೆಗಿಂತ ಗಡುಸು, ಉಗಿಯನ್ನು ಹೊರಬಿಡುವುದಿಲ್ಲ. ಗೋಡೆಯೊಳಗಿನ ತೇವ ಹಿಂಬದಿಯಲ್ಲೇ ನಿಲ್ಲುತ್ತದೆ. ಸಿಮೆಂಟಿನ ಜೊತೆಗೆ ಬಂದ ಲವಣಗಳು ಆ ತೇವದಲ್ಲಿ ಕರಗಿ, ಒಣಗುವಾಗ ಇಟ್ಟಿಗೆಯ ರಂಧ್ರಗಳಲ್ಲಿ ಹರಳುಗಟ್ಟುತ್ತವೆ. ಹರಳು ಹಿಗ್ಗಿದಾಗ ಇಟ್ಟಿಗೆಯ ಮುಖ ಪದರಪದರವಾಗಿ ಸಿಡಿಯುತ್ತದೆ. ಕೊನೆಗೆ ಸಿಮೆಂಟ್ ಗಟ್ಟಿಯಾಗಿ ನಿಂತಿರುತ್ತದೆ, ಅದರ ಹಿಂದಿನ ಐತಿಹಾಸಿಕ ಗೋಡೆ ಪುಡಿಯಾಗಿರುತ್ತದೆ. ಹಳೆಯ ದುರಸ್ತಿಯಲ್ಲಿ ಜಿಪ್ಸಂ ಬಳಸಿದ್ದ ಕಡೆ ಸಿಮೆಂಟ್ ಬಿದ್ದರಂತೂ ಎರಡೂ ಕೂಡಿ ಉಬ್ಬಿ ಗಾರೆಯನ್ನು ಗೋಡೆಯಿಂದ ಎಬ್ಬಿಸುತ್ತವೆ. ಬೀದರಿನ ಜಂಬಿಟ್ಟಿಗೆ ಮೊದಲೇ ರಂಧ್ರದ ಕಲ್ಲು, ನೀರು ಹೀರುವುದರಲ್ಲಿ ಇಟ್ಟಿಗೆಗೆ ಸಮ. ಅಲ್ಲಿ ಈ ತಪ್ಪಿಗೆ ಶಿಕ್ಷೆ ಇನ್ನೂ ಬೇಗ.

ಸರಿಯಾದ ದಾರಿ ನಿಧಾನದ್ದು. ಮೊದಲು ಹಳೆಯ ಗಾರೆಯ ತುಣುಕನ್ನು ಆಮ್ಲದಲ್ಲಿ ಕರಗಿಸಿ, ಸುಣ್ಣ ಹೋದ ಮೇಲೆ ಉಳಿದ ಇಟ್ಟಿಗೆ ಮತ್ತು ಮರಳನ್ನು ಜರಡಿ ಹಿಡಿದು ಅಳೆಯಬೇಕು. ಸುಣ್ಣವನ್ನು ನೀರಿನಲ್ಲಿ ಅರಳಿಸಿ ಕನಿಷ್ಠ ಮೂರು ತಿಂಗಳು ಮುಳುಗಿಸಿಟ್ಟಿರಬೇಕು. ಅಳತೆ ಹಳೆಯ ಗಾರೆ ಹೇಳಿದಂತೆ. ಸಾಮಾನ್ಯವಾಗಿ ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಸುರ್ಕಿ-ಮರಳು. ಮೊದಲ ಪದರಕ್ಕೆ ದಪ್ಪ ನುಚ್ಚು, ಹೆಚ್ಚೆಂದರೆ 15 ಮಿ.ಮೀ.; ಎರಡನೆಯದಕ್ಕೆ ಸಣ್ಣ ಕಾಳು; ಕೊನೆಯದು 2–3 ಮಿ.ಮೀ. ನುಣುಪು, ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದು. ಪದರಗಳ ನಡುವೆ ಗೋಣಿ ಹೊದಿಸಿ ತೇವ ಕಾಯಬೇಕು. ಏಪ್ರಿಲ್-ಮೇ ಬಿಸಿಲಿನಲ್ಲಿ ಕಲಬುರಗಿ-ಬೀದರ್ ಸೀಮೆಯಲ್ಲಿ ಈ ಕೆಲಸ ಹಿಡಿಯಬಾರದು, ಗಾರೆ ಬಿಗಿಯುವ ಮೊದಲೇ ಒಣಗಿ ಬಿರಿಯುತ್ತದೆ. ಆದರೆ ಮಾರ್ಚ್ 31ಕ್ಕೆ ಹಣ ಖರ್ಚು ಮಾಡಿ ಮುಗಿಸಬೇಕೆಂಬ ಆತುರ ಇರುವವರೆಗೆ ಸುಣ್ಣಕ್ಕೆ ಬೇಕಾದ ಸಮಯ ಸಿಗುವುದು ಕಷ್ಟ, ಇದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು?

ಗುಮ್ಮಟದ ಒಳಮೈಯನ್ನು ಹಾಗೆ ನುಣುಪಾಗಿಸುವುದು ಅಲಂಕಾರಕ್ಕಷ್ಟೇ ಅಲ್ಲ. ಹಬೆ ತಣಿದು ಹನಿಯಾದಾಗ ಅದು ಮೀಯುವವರ ಮೇಲೆ ತೊಟ್ಟಿಕ್ಕದೆ ಗೋಡೆಗುಂಟ ಜಾರಿ ಇಳಿಯಬೇಕು. ಒರಟು ತೇಪೆ ಹಾಕಿದಲ್ಲಿ ಹನಿ ತೂಗಿ ನಿಲ್ಲುತ್ತದೆ, ಅಲ್ಲೇ ಬೂಸ್ಟು ಹುಟ್ಟುತ್ತದೆ. ಬೆಳಕಿಗೆಂದು ಗುಮ್ಮಟದಲ್ಲಿ ಕೂರಿಸುವ, ತುರ್ಕರು ಆನೆಗಣ್ಣು ಎನ್ನುವ ಗಾಜುಗಳು ಗಂಟೆಯಾಕಾರದವು. ಮಣ್ಣಿನ ಬಳೆಯೊಳಗೆ ಕೂತು ಮಳೆನೀರನ್ನು ಹೊರಕ್ಕೆ ಚೆಲ್ಲುತ್ತವೆ. ಅವು ಒಡೆದಾಗ ಚಪ್ಪಟೆ ಗಾಜು ಇಟ್ಟು ಸಿಲಿಕೋನ್ ಮೆತ್ತಿದರೆ ಬಿಸಿಲಿಗೆ ಅದು ಸೀಳುತ್ತದೆ, ನೀರು ನೇರ ಗುಮ್ಮಟದ ಇಟ್ಟಿಗೆಯೊಳಗೆ ಇಳಿಯುತ್ತದೆ.

ನೆಲದ ಇಳಿಜಾರೂ ಹೀಗೆಯೇ ಕಡೆಗಣನೆಗೆ ಒಳಗಾಗುತ್ತದೆ. ಕುರ್ನಾ ಬಾನಿಗಳಿಗೆ ತಳದಲ್ಲಿ ತೂತಿಲ್ಲ; ನೀರು ತುಂಬಿ ಉಕ್ಕಿ ನೆಲಕ್ಕೆ ಬೀಳುತ್ತದೆ, ಮೀಯುವವನು ಬೋಗುಣಿಯಲ್ಲಿ ಮೊಗೆದು ಸುರಿದುಕೊಳ್ಳುತ್ತಾನೆ. ಹಾಗಾಗಿ ನೆಲವೇ ಚರಂಡಿ. ಮೀಟರಿಗೆ 1ರಿಂದ 2 ಸೆಂ.ಮೀ. ಇಳಿಜಾರು ಇಟ್ಟು, ಒಬ್ಬರು ಮಿಂದ ನೀರು ಇನ್ನೊಬ್ಬರ ಕಾಲಡಿ ಹರಿಯದಂತೆ ಕಾಲುವೆಗೆ ತಿರುಗಿಸಿರುತ್ತಾರೆ. ‘ನೆಲ ಸಮವಿಲ್ಲ’ ಎಂದು ಅದನ್ನು ಮಟ್ಟ ಹಿಡಿದು ಹೊಸ ಕಲ್ಲು ಹಾಸಿದರೆ ಮೂಲದ ಸಾಕ್ಷ್ಯವೇ ಅಳಿಯುತ್ತದೆ. ಗೋಡೆಯೊಳಗಿನ ನೀರಿನ ಕೊಳವೆಗಳೂ ಮಣ್ಣಿನವೇ. ಅವು ಕೂಡುವ ಸಂದಿಗೆ ಸುಣ್ಣ, ಅಗಸೆ ಎಣ್ಣೆ, ಹತ್ತಿ ಕುಟ್ಟಿ ಮಾಡಿದ ಲೊಕ್ಯುನ್ ಎಂಬ ಮೆತ್ತೆ ಹಾಕುತ್ತಿದ್ದರು. ಇಂಥ ಕೊಳವೆ ಕಂಡಾಗ ಅದನ್ನು ಕಿತ್ತು ಪಿವಿಸಿ ಎಳೆಯುವುದು ಸುಲಭ. ಬೇಕಿದ್ದರೆ ಹೊಸ ಕೊಳವೆ ಹೊರಗಿನಿಂದ ಬರಲಿ, ಹಳೆಯದು ಇದ್ದಲ್ಲೇ ಇರಲಿ.

ಬೆಂಕಿ ಮತ್ತೆ ಹಚ್ಚುವ ಹಮಾಮಿಗೆ ಇನ್ನೊಂದು ಎಚ್ಚರಿಕೆ ಬೇಕು. ಸೌದೆ ಬಿಟ್ಟು ಗ್ಯಾಸ್ ಬಾಯ್ಲರಿಗೆ ತಿರುಗಿದಲ್ಲೆಲ್ಲ ನೀರು ಕಾಯುತ್ತದೆ, ನೆಲದಡಿಯ ಪೊಳ್ಳು ತಣ್ಣಗೇ ಉಳಿಯುತ್ತದೆ. ಅದನ್ನು ಸರಿದೂಗಿಸಲು ಸಿಮೆಂಟ್ ಹಾಸಿನಲ್ಲಿ ಬಿಸಿನೀರಿನ ಕೊಳವೆ ಹೂತರೆ ಅಮೃತಶಿಲೆ ಬಿರಿಯುತ್ತದೆ, ಸೋರಿಕೆ ಎಲ್ಲಿ ಎಂದು ತಿಳಿಯಲು ನೆಲವನ್ನೇ ಒಡೆಯಬೇಕು. ಬಹುಕಾಲ ತಣ್ಣಗಿದ್ದ ಕಟ್ಟಡಕ್ಕೆ ಒಮ್ಮೆಲೇ ಜೋರು ಬೆಂಕಿ ಕೊಡಲೂಬಾರದು. ಗಾರೆಯೊಳಗಿನ ತೇವ ಉಗಿಯಾಗಿ ಸಿಡಿಯುತ್ತದೆ. ವಾರಗಟ್ಟಲೆ ಸಣ್ಣ ಬೆಂಕಿಯಿಟ್ಟು ಮೆಲ್ಲಗೆ ಏರಿಸಬೇಕು.

ಬೀದರಿನ ಹಮಾಮಿಗೆ ಬೆಂಕಿ ಹಚ್ಚಿ ಎಂದು ನಾವು ಕೇಳುತ್ತಿಲ್ಲ. ಕೋಟೆಯೊಳಗಿನ ಆ ಹಳೆಯ ರಾಜಸ್ನಾನಗೃಹ ಈಗ ವಸ್ತುಸಂಗ್ರಹಾಲಯ. ಒಳಗಿಟ್ಟಿರುವ ಶಾಸನ, ಶಿಲ್ಪ, ಆಯುಧಗಳ ಬೆಲೆ ನಮಗೆ ಗೊತ್ತು. ಆದರೆ ಅಲ್ಲಿ ಇಟ್ಟ ವಸ್ತುಗಳಿಗೆ ಫಲಕವಿದ್ದು ಅವನ್ನು ಹೊತ್ತ ಕಟ್ಟಡಕ್ಕೇ ವಿವರಣೆ ಇಲ್ಲದಿದ್ದರೆ ಅದೆಂಥ ಸಂಗ್ರಹಾಲಯ? ಲಾಹೋರಿನಲ್ಲಿ ವಜೀರ್ ಖಾನ್ 1635ರಲ್ಲಿ ಕಟ್ಟಿಸಿದ ಶಾಹಿ ಹಮಾಮನ್ನು 2013ರಿಂದ 2015ರವರೆಗೆ ದುರಸ್ತಿ ಮಾಡಿದಾಗ ನೆಲ ತೆಗೆದು, ಬಿಸಿಗಾಳಿಯ ದಾರಿಯನ್ನೂ ಕಾಲುವೆಗಳನ್ನೂ ಹೊರಗೆಳೆದು, ಜನ ಮೇಲಿನಿಂದ ನಡೆದು ನೋಡುವಂತೆ ಮಾಡಿದರು. ಆ ಕೆಲಸಕ್ಕೆ 2016ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು. ಅಲ್ಲಿ ಕಟ್ಟಡವೇ ಪ್ರದರ್ಶನದ ವಸ್ತು. ಬೀದರಿನ ಬಳಿಯ ನೌಬಾದಿನ ಕರೇಜ್ ಎಂಬ ಸುರಂಗ ಕಾಲುವೆಯಲ್ಲಿ ನೆಲದಡಿ ನೀರು ಹರಿಸಿದ ವಿದ್ಯೆಯನ್ನು ನೋಡಲು ಬರುವವರಿಗೆ, ಕೋಟೆಯೊಳಗೆ ಬೆಂಕಿಯನ್ನೂ ನೀರನ್ನೂ ಪಳಗಿಸಿದ ವಿದ್ಯೆಯನ್ನೂ ತೋರಿಸಬಹುದಲ್ಲವೇ?

ಆದ್ದರಿಂದ ನಮ್ಮ ಕೋರಿಕೆ ಇದು. ಹಮಾಮಿನಲ್ಲಿ ಯಾವುದೇ ಹೊಸ ಗಾರೆ, ಹೊಸ ನೆಲ, ಹೊಸ ವಿದ್ಯುತ್ ತಂತಿಯ ಕೆಲಸಕ್ಕೆ ಮುಂಚೆ ನೆಲವನ್ನು ರಾಡಾರ್‌ನಿಂದಲೂ ಗೋಡೆಯನ್ನು ಶಾಖಚಿತ್ರ ಕ್ಯಾಮೆರಾದಿಂದಲೂ ಪರೀಕ್ಷಿಸಿ. ಗೋಡೆಯಲ್ಲಿ ಕೊಳವೆಯ ಬಾಯಿ ಕಂಡರೆ ಸಣ್ಣ ಕ್ಯಾಮೆರಾ ಇಳಿಸಿ ಚಿತ್ರ ತೆಗೆಯಿರಿ. ತಂತಿ ಎಳೆಯಲು ಗೋಡೆ ಕೊರೆಯುವುದನ್ನು ಸಂಪೂರ್ಣ ನಿಲ್ಲಿಸಿ. ಒಂದು ಕೊರೆತ ಒಂದು ಕೊಳವೆಯನ್ನು ಶಾಶ್ವತವಾಗಿ ಹಾಳುಮಾಡಬಲ್ಲದು. ಪಟ್ಟಿಯಲ್ಲಿ ‘ಸುಣ್ಣದ ಗಾರೆ’ ಎಂದಷ್ಟೇ ಬರೆಯದೆ ಸುಣ್ಣ ಎಷ್ಟು ತಿಂಗಳು ನೆನೆದದ್ದು, ಇಟ್ಟಿಗೆ ಯಾವುದು, ಪದರ ಎಷ್ಟು, ಪ್ರತಿ ಪದರಕ್ಕೆ ಎಷ್ಟು ದಿನದ ತೇವ ಎಂಬುದನ್ನು ನಮೂದಿಸಿ, ಸಿಮೆಂಟ್ ಸೊನ್ನೆ ಎಂದು ಸ್ಪಷ್ಟವಾಗಿ ಬರೆಯಿರಿ. ಹಳೆಯ ಸಿಮೆಂಟ್ ತೇಪೆಗಳಿದ್ದರೆ ಅವನ್ನು ಯಂತ್ರದಿಂದ ಒಡೆಸದೆ ಉಳಿಯಿಂದ ಬಿಡಿಸಬೇಕು. ಎಲ್ಲಿ ಕಲ್ಲಿನ ಮುಖವೇ ಕಿತ್ತುಬರುತ್ತದೋ ಅಲ್ಲಿ ಬಿಟ್ಟುಬಿಡುವುದೇ ಮೇಲು. ಒಂದು ಮೂಲೆಯಲ್ಲಿ ಮಾದರಿ ಗಾರೆ ಹಾಕಿ ಒಂದು ಮಳೆಗಾಲ ದಾಟಿಸಿ ನೋಡಿ, ಆಮೇಲೆ ಉಳಿದದ್ದು. ಅತಿ ಕಡಿಮೆ ಮೊತ್ತ ಕೂಗಿದವರಿಗೇ ಕೆಲಸ ಎಂಬ ನಿಯಮವನ್ನು ಈ ಬಗೆಯ ಕಟ್ಟಡಕ್ಕೆ ಸಡಿಲಿಸಿ, ಗಾರೆಯ ಕೈಕೆಲಸ ಬಲ್ಲವರ ಮಾದರಿಯನ್ನು ಮೊದಲು ತೂಗಿ. ಸಾಂಪ್ರದಾಯಿಕ ವಸ್ತು, ಸಾಂಪ್ರದಾಯಿಕ ಕೌಶಲ, ದಾಖಲಾತಿ ಇವೆಲ್ಲ 2014ರ ರಾಷ್ಟ್ರೀಯ ಸಂರಕ್ಷಣಾ ನೀತಿಯಲ್ಲೇ ಇವೆ. ನಾವು ಕೇಳುತ್ತಿರುವುದು ಹೊಸದೇನಲ್ಲ.

ಇನ್ನೊಂದು ಮಾತು. ಹಂಪಿಯ ರಾಣಿ ಸ್ನಾನಗೃಹವನ್ನೂ ಹಮಾಮು ಎಂದು ಕರೆಯುವ ಮಾರ್ಗದರ್ಶಿಗಳಿದ್ದಾರೆ. ಅದು ಕಾಲುವೆಯ ನೀರು ತುಂಬಿಸಿ ಮೀಯುತ್ತಿದ್ದ ಕೊಳ, ಅದರ ದುರಸ್ತಿಯ ಕ್ರಮವೇ ಬೇರೆ. ಎರಡಕ್ಕೂ ಒಂದೇ ಪಟ್ಟಿಯನ್ನು ನಕಲು ಮಾಡಬೇಡಿ.

ಸಮೀಕ್ಷೆಯ ಚಿತ್ರಗಳನ್ನೂ ಅಂದಾಜುಪಟ್ಟಿಯನ್ನೂ ಕೋಟೆಯ ಬಾಗಿಲಲ್ಲಿ ಕನ್ನಡ, ಉರ್ದು ಎರಡರಲ್ಲೂ ತೂಗುಹಾಕಿ, ಟೆಂಡರ್ ಕರೆಯುವ ಮೊದಲು ಒಂದು ತಿಂಗಳ ಕಾಲ ಆಕ್ಷೇಪಣೆಗೆ ಅವಕಾಶ ಕೊಡಿ. ಆ ಪಟ್ಟಿ ಹೊರಬಂದ ದಿನ ಅದನ್ನು ಸಾಲುಸಾಲಾಗಿ ಓದಿ ಲಿಖಿತ ಅಭಿಪ್ರಾಯ ಕೊಡಲು ನಾವು ತಯಾರಿದ್ದೇವೆ. ಅದಕ್ಕೆ ಸಂಭಾವನೆ ಬೇಡ.

ಇಂತಿ ತಮ್ಮ ವಿಶ್ವಾಸಿಗಳು,
ಸುಣ್ಣ-ಗಾರೆಯ ಕೆಲಸ ಮತ್ತು ಕಟ್ಟಡ ಸಂರಕ್ಷಣೆಯಲ್ಲಿ ತೊಡಗಿರುವವರು